ತಮ್ಮನ ಲೋಟಕ್ಕೆ ಬೆರೆಸಿದವರು

ನನ್ನ ತಮ್ಮ ಎತ್ತರ ಜಿಗಿತದವನು. ಎಷ್ಟೋ ದೇಶಗಳ ಕ್ರೀಡಾಂಗಣಗಳಲ್ಲಿ ಅಡ್ಡಪಟ್ಟಿಯ ಮೇಲೆ ಬೆನ್ನು ಬಿಲ್ಲಾಗಿಸಿ ಹಾರಿ ಪದಕ ತಂದವನು. ಅಂಥವನ ಮೂತ್ರಪರೀಕ್ಷೆಯಲ್ಲಿ ನಿಷೇಧಿತ ಔಷಧ ಸಿಕ್ಕಿತೆಂದು ಸುದ್ದಿ ಬಂದಾಗ ನಾನು ಅಳಲಿಲ್ಲ. ಯಾರೋ ಬೆರೆಸಿದ್ದಾರೆ, ಅವರ ಕೈ ಸೇದಿಹೋಗಲಿ ಎಂದೆ.

ಈ ಆಟಗಾರರದ್ದೊಂದು ಕಟ್ಟುನಿಟ್ಟಿದೆ. ಮುಚ್ಚಳ ತೆಗೆದ ಬಾಟಲಿ ಒಮ್ಮೆ ಕಣ್ಮರೆಯಾದರೆ ಮತ್ತೆ ಬಾಯಿಗಿಡುವಂತಿಲ್ಲ, ಚೆಲ್ಲಿಬಿಡಬೇಕು. ಮೈದಾನದಲ್ಲಿ ಅವನ ಬಾಟಲಿ ಕಾಯುತ್ತ ಕೂರುತ್ತಿದ್ದವಳು ನಾನೇ. ಹೊರಗಿನವರಿಗೆ ಸಂದು ಸಿಗುವ ಮಾತೇ ಇಲ್ಲ. ಅಂದಮೇಲೆ ಕಳ್ಳರು ಮನೆಯೊಳಗೇ ಇದ್ದರು. ಮನೆಯಲ್ಲಿದ್ದದ್ದು ನಾನು, ಅವನು, ಅವನ ಹೆಂಡತಿ.

ನನ್ನ ಹೊಲಿಗೆ ಅಂಗಡಿಗೆ ಬರುವವರು ಅಳತೆ ಕೊಡುವ ನೆಪದಲ್ಲಿ ಕೆದಕತೊಡಗಿದರು. ಕ್ರೀಡಾಂಗಣದ ಗೋಡೆಯಿಂದ ಅವನ ದೊಡ್ಡ ಚಿತ್ರ ಇಳಿಸಿದರು. ವಿಚಾರಣೆಯಲ್ಲಿ ಸೋತರೆ ನಾಲ್ಕು ವರ್ಷ ನಿಷೇಧ. ಅಷ್ಟರಲ್ಲಿ ಮಂಡಿಗೆ ವಯಸ್ಸಾಗಿರುತ್ತದೆ. ಅಲ್ಲಿಗೆ ಜಿಗಿತವೂ ಮುಗಿಯಿತು, ಹೆಸರೂ ಮಣ್ಣುಪಾಲು.

ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟೆ. ಮಹಾ ಬಾಯಿಬಡುಕಿ ಅವಳು, ಸುದ್ದಿ ಬಂದ ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಮಲಗುವುದೂ ನಡುಮನೆಯ ಸೋಫಾದಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಲ್ಲದೆ ಇನ್ನೇನು? ಅವಳು ಸ್ನಾನಕ್ಕೆ ಹೋದಾಗ ಕಪಾಟು ಜಾಲಾಡಿದೆ, ಡಬ್ಬಿಗಳನ್ನೆಲ್ಲ ಮೂಸಿದೆ. ತಲೆಹೊಟ್ಟಿನ ಎಣ್ಣೆ ಬಿಟ್ಟರೆ ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನಷ್ಟು ಬಲಿಯಿತು. ಪಳಗಿದ ಕೈ ಅಂದುಕೊಂಡೆ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ತಮ್ಮ ಅಂಗಡಿಗೆ ಬಂದ. ಕೋಟಿಗೆ ಗುಂಡಿ ಹಾಕಿಸಿಕೊಳ್ಳಬೇಕಿತ್ತು. ಬತ್ತಿಹೋದ ಆ ಮುಖ ನೋಡಿ ತಡೆಯಲಾಗಲಿಲ್ಲ. ನಿನ್ನ ಹೆಂಡತಿಯದೇ ಕೆಲಸ ಇದು ಎಂದುಬಿಟ್ಟೆ. ಅವನು ಹೆಂಡತಿಯ ಪರ ವಹಿಸದೆ ಡಬ್ಬಿಯಲ್ಲಿ ಗುಂಡಿ ಆರಿಸತೊಡಗಿದ. ನನಗೆ ಸಿಟ್ಟೂ ಸಂಕಟವೂ ಒಟ್ಟಿಗೆ ಬಂದವು.

"ಅವಳು ಒಪ್ಕೊಳ್ದಿದ್ರೆ ಕತ್ತೆಬಾಲ, ಬಿಡು. ನನ್ನ ಮಂಡಿನೋವಿನ ಪುಡೀನ ನಿನ್ನ ಹಾಲಿಗೆ ನಾನೇ ತಪ್ಪಿ ಹಾಕ್ದೆ ಅಂತ ಹೇಳ್ತೀನಿ."

ಛೇ, ನೀನ್ಯಾಕೆ ಸುಳ್ಳು ಹೇಳ್ತೀಯಕ್ಕ ಎನ್ನುತ್ತಾನೆಂದು ಕಾದೆ. ಅವನು ಸ್ಟೂಲು ಎಳೆದುಕೊಂಡು ಹತ್ತಿರ ಕೂತ.

"ಹಾಲು ಬೇಡಕ್ಕ, ಜ್ಯೂಸು ಅನ್ನು. ಒಂದೇ ಸಲ ಅಂದ್ರೆ ನಂಬಲ್ಲ, ದಿನಾ ಹಾಕ್ತಿದ್ದೆ ಅನ್ಬೇಕು. ಡಾಕ್ಟರ್ ಚೀಟಿ ನಾನು ಹೊಂದಿಸ್ತೀನಿ. ಅವಳಿಗೂ ಇದನ್ನೇ ಹೇಳ್ಕೊಟ್ಟಿದ್ದೆ, ಕೇಳ್ಲಿಲ್ಲ."

ಅವನ ದನಿಯಲ್ಲಿ ಸುದ್ದಿ ಬಂದಾಗಿನಿಂದ ಇಲ್ಲದ ಗೆಲುವು ಇತ್ತು. ಅದನ್ನು ಕೇಳಿ ನನಗೆ ಹೇಸಿಗೆಯಾಯಿತು. ಅರ್ಧ ಹಾಕಿದ ಗುಂಡಿಯ ಸಮೇತ ಕೋಟನ್ನು ಅವನ ತೊಡೆಯ ಮೇಲಿಟ್ಟು, ಬೇರೆ ಕಡೆ ಹಾಕಿಸ್ಕೋ ಎಂದೆ. ಅಂಗಡಿ ಮುಚ್ಚಿ ಮನೆಗೆ ನಡೆದೆ.

ಅವಳು ಅಡುಗೆಮನೆಯಲ್ಲಿ ಬೆನ್ನು ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಎದುರು ನಿಲ್ಲಲು ನಾಚಿಕೆಯಾಗಿ ಪಕ್ಕದಲ್ಲಿ ನಿಂತೆ. ನನ್ನ ಮುಖ ನೋಡಿದವಳೇ ಚಾಕು ಕೆಳಗಿಟ್ಟಳು.

"ನಿಮ್ಮನ್ನೂ ಕೇಳಿದ್ರಾ ಅತ್ತಿಗೆ, ತಪ್ಪು ಹೊತ್ಕೊಳ್ಳಿ ಅಂತ?"

"ಅವನು ಕೇಳ್ಲಿಲ್ಲ ಕಣೆ," ಎಂದೆ. "ನಾನೇ ಹೊತ್ಕೊಳ್ಳೋಕೆ ಹೋಗಿದ್ದೆ."