ಯಾರದೂ ಅಲ್ಲದ ದನಿ

ಗಂಟಲಿನ ಗಡ್ಡೆಯ ಜೊತೆಗೆ ಸಿದ್ದಲಿಂಗಮ್ಮನ ದನಿಪೆಟ್ಟಿಗೆಯನ್ನೂ ವೈದ್ಯರು ತೆಗೆದುಹಾಕಿದಾಗ, ಜೀವ ಉಳಿಯಿತಲ್ಲ ಎಂದು ಮಗಳು ಸಂಘಮಿತ್ರ ಸಮಾಧಾನ ಪಟ್ಟುಕೊಂಡಿದ್ದಳು. ಕುವೆಂಪುನಗರದ ಮನೆಗೆ ಬಂದ ಮೇಲೆ ನಿಜವಾದ ಕಷ್ಟ ತಿಳಿಯಿತು. ಅಪ್ಪ ಚಿಕ್ಕಬಸವಯ್ಯನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ವರ್ಷಗಳಾಗಿದ್ದವು. ಅವ್ವ ಬರೆದು ತೋರಿಸಿದರೆ ಅವರಿಗೆ ಕಾಣದು, ಕೈಸನ್ನೆಯೂ ಕಾಣದು. ಎದುರಿಗೇ ಕೂತಿದ್ದರೂ "ಸಿದ್ದೂ, ಇದೀಯಾ?" ಎಂದು ಕೇಳುತ್ತಲೇ ಇರುತ್ತಿದ್ದರು. ಅವ್ವ ಅವರ ಮೊಣಕೈ ಮುಟ್ಟುತ್ತಿದ್ದಳು. ಅಷ್ಟೇ ಮಾತು.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಸಂಘಮಿತ್ರ ಮಾತಾಡುವ ಪೆಟ್ಟಿಗೆಯೊಂದನ್ನು ಮಾಡಲು ಕೂತಳು. ಮೊಬೈಲಿನ ನುಣುಪು ಗಾಜಿನ ಮೇಲೆ ಅವ್ವನ ನಡುಗುವ ಬೆರಳು ನಿಲ್ಲುತ್ತಿರಲಿಲ್ಲ. ಒತ್ತಿದರೆ ಟಕ್ ಎನ್ನುವ ದಪ್ಪ ಗುಂಡಿಗಳೇ ಬೇಕಿತ್ತು. ಮೊದಲು ತಂದದ್ದು ತೀರಾ ಅಗ್ಗದ ಸರ್ಕ್ಯೂಟ್ ಬೋರ್ಡು. ತಾನೇ ಮಾತು ಕಟ್ಟುವಷ್ಟು ಮೆಮೊರಿ ಅದಕ್ಕಿರಲಿಲ್ಲ, ರೆಕಾರ್ಡ್ ಮಾಡಿಟ್ಟದ್ದನ್ನು ನುಡಿಸುತ್ತಿತ್ತು. ಅವ್ವನ ಹಳೆಯ ದನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ, ಸಂಘಮಿತ್ರ ತನ್ನ ದನಿಯನ್ನೇ ತುಂಬಿದಳು.

ಅವ್ವ ಗುಂಡಿ ಒತ್ತಿದಳು. "ಕಾಫಿ ಕೊಡ್ಲಾ?" ಎಂದಿತು ಪೆಟ್ಟಿಗೆ.

"ಬ್ಯಾಡ ಕಣವ್ವ ಸಂಘಮಿತ್ರ. ನಿಮ್ಮವ್ವ ಎಲ್ಲೋದ್ಲು? ಬೆಳಗಿಂದ ಅವಳ ಸುಳಿವೇ ಇಲ್ಲ," ಎಂದರು ಅಪ್ಪ.

ಅವ್ವ ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದ ಸಂಘಮಿತ್ರಳಿಗೆ ಅವ್ವನ ಬೆನ್ನು ಕಂಡಿತು. ಅಳುವುದಕ್ಕೂ ಅವಳಲ್ಲಿ ಸದ್ದಿರಲಿಲ್ಲ, ಭುಜಗಳು ಮಾತ್ರ ಅಲುಗುತ್ತಿದ್ದವು. ಆ ಪೆಟ್ಟಿಗೆಯನ್ನು ಅವ್ವ ಮತ್ತೆ ಮುಟ್ಟಲಿಲ್ಲ.

ಆಮೇಲೆ ತಂದ ದೊಡ್ಡ ಬೋರ್ಡು ಚೆನ್ನಾಗಿಯೇ ಮಾತಾಡಿತು. ಆದರೆ ಕೈ ಇಡಲಾಗದಷ್ಟು ಕಾಯುತ್ತಿತ್ತು, ಮಧ್ಯಾಹ್ನಕ್ಕೇ ಬ್ಯಾಟರಿ ಬರಿದಾಗುತ್ತಿತ್ತು. ಕೊನೆಗೆ ಸಂಘಮಿತ್ರ ನಡುವಿನದೊಂದನ್ನು ಆರಿಸಿದಳು. ಅಕ್ಷರ ಜೋಡಿಸಿ ತಾನೇ ಮಾತು ಕಟ್ಟುವ ಚಿಪ್, ದನಿ ಏರಿಸಲು ಉಗುರಿನಷ್ಟು ಆಂಪ್ಲಿಫೈಯರು, ಪುಟ್ಟ ಸ್ಪೀಕರು. ಹೊರಟ ದನಿ ಒರಟಾಗಿತ್ತು, ಏರಿಳಿತವಿಲ್ಲದ್ದು, ಗಂಡಿನದೂ ಅಲ್ಲ ಹೆಣ್ಣಿನದೂ ಅಲ್ಲ. ಅದಕ್ಕೇ ಅವಳು ಅದನ್ನು ಒಪ್ಪಿದ್ದು. ಇದನ್ನು ಕೇಳಿ ಅಪ್ಪ ಇನ್ಯಾರನ್ನೂ ನೆನೆಯುವಂತಿರಲಿಲ್ಲ.

"ರೀ" ಎಂಬ ಒಂದಕ್ಷರ ಮಾತ್ರ ಅವಳನ್ನು ಸೋಲಿಸಿತು. ಅವ್ವನಲ್ಲಿ ಸಿಟ್ಟಿಗೊಂದು, ನಗುವಿಗೊಂದು, ಸುಮ್ಮನೆ ಹತ್ತಿರ ಕರೆಯುವುದಕ್ಕೊಂದು "ರೀ" ಇತ್ತು. ಎಷ್ಟು ತಿದ್ದಿದರೂ ಪೆಟ್ಟಿಗೆಗೆ ಬಂದದ್ದು ಒಂದೇ.

ಅವ್ವ ಒತ್ತಿದಳು. "ರೀ."

ಅಪ್ಪನ ಕೈಯ ಲೋಟ ಅಲ್ಲೇ ನಿಂತಿತು. "ಇದ್ಯಾರು?"

"ಅವ್ವ ಕಣಪ್ಪ. ಅವ್ವನೇ ಕರೀತಾವ್ಳೆ. ಇನ್ಮೇಲೆ ಅವಳ ದನಿ ಇದೇ."

ಅಪ್ಪ ತಡವಿ ಲೋಟವನ್ನು ಕೆಳಗಿಟ್ಟರು. "ಅವಳು ಇಂಗೆ ಕರೀತಿರ್ಲಿಲ್ಲ ಕಣವ್ವ," ಎಂದರು ಆಮೇಲೆ.

ಅವ್ವನ ಬೆರಳು ಗುಂಡಿಯನ್ನು ಟಕ್ಕೆಂದು ಬಿಟ್ಟು ಹಿಂದೆ ಸರಿಯಿತು. ಆ ಸಣ್ಣ ಸದ್ದು ಅಪ್ಪನಿಗೆ ಕೇಳಿಸಿರಬೇಕು.

"ನಿಲ್ಲಿಸ್ಬ್ಯಾಡ ಸಿದ್ದೂ. ಆ ದನಿ ಹೋಯ್ತು, ಬುಡು. ಇನ್ನೊಂದ್ಸಲ ಕರಿ. ರೂಢಿ ಮಾಡ್ಕೋತೀನಿ."

"ರೀ."

"ಆಂ," ಎಂದರು ಅಪ್ಪ. ಕಾಣದ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅವ್ವ ಮತ್ತೆ ಒತ್ತಿದಳು.