ಹೊಸ ಹಲ್ಲು, ತುಂಬಿದ ಮೊಟ್ಟೆ

ಊರಿಗೆಲ್ಲ ಹಲ್ಲು ಕಟ್ಟಿಕೊಡುವವಳ ಅಪ್ಪ ಬೊಚ್ಚುಬಾಯಲ್ಲಿ ಓಡಾಡುತ್ತಿದ್ದರು. ಮಗಳು ತಾನೇ ಕೂತು ಮಾಡಿಕೊಟ್ಟ ಸೆಟ್ಟು ಎರಡು ತಿಂಗಳಿನಿಂದ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ನೀರು ತುಂಬಿದ ಡಬ್ಬಿಯೊಳಗೆ, ಯಾರನ್ನೂ ಕಚ್ಚದೆ ಕೂತಿತ್ತು. ಹಾಕಿಕೊಂಡರೆ ಬಾಯೊಳಗೆ ಯಾರದೋ ಚಪ್ಪಲಿ ಇಟ್ಟುಕೊಂಡ ಹಾಗಿರುತ್ತದೆ ಎಂಬುದು ಅಪ್ಪನ ದೂರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಮಗಳ ಅನುಮಾನ.

ಇಲ್ಲಿಯವರೆಗೆ ಅದು ಮನೆಯೊಳಗಿನ ಜಗಳವಾಗಿತ್ತು. ಇವತ್ತು ಬೀದಿಗೆ ಬರುವುದರಲ್ಲಿತ್ತು. ವರ್ಷಗಟ್ಟಲೆ ಬೇರೆಯವರ ಹಲ್ಲಿನ ಲ್ಯಾಬಿನಲ್ಲಿ ದುಡಿದ ಮಗಳು ಮನೆಯ ಮುಂದಿನ ಕೋಣೆಯನ್ನೇ ಸ್ವಂತ ಕೆಲಸದ ಜಾಗ ಮಾಡಿಕೊಂಡಿದ್ದಳು. ಸಂಜೆ ಹಳೆಯ ಗಿರಾಕಿಗಳು, ಅಕ್ಕಪಕ್ಕದವರು ಬರುವವರಿದ್ದರು. ಅವರಿಗಿಂತ ಮುಖ್ಯವಾಗಿ, ದೊಡ್ಡ ರಸ್ತೆಯ ಹಲ್ಲಿನ ಡಾಕ್ಟರಮ್ಮ ಬರುವವರಿದ್ದರು. ಅವರ ಕ್ಲಿನಿಕ್ಕಿನಲ್ಲಿ ತೆಗೆದ ಬಾಯಿಯ ಅಚ್ಚುಗಳೆಲ್ಲ ಹಲ್ಲು ಕಟ್ಟಿಸಲು ದೂರದ ಲ್ಯಾಬಿಗೆ ಹೋಗುತ್ತಿದ್ದವು. "ನಿಮ್ಮ ಕೆಲಸ ನೋಡ್ತೀನಿ. ಹಿಡಿಸಿದ್ರೆ ಇನ್ಮೇಲೆ ನಿಮಗೇ ಕಳಿಸ್ತೀನಿ" ಎಂದಿದ್ದರು. ಆ ಕ್ಲಿನಿಕ್ಕಿನ ಕೆಲಸ ಸಿಗದಿದ್ದರೆ ಈ ಕೋಣೆ ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಹೆತ್ತ ಅಪ್ಪನೇ ಬಾಗಿಲಲ್ಲಿ ಬರೀ ವಸಡು ತೋರಿಸಿ "ಬನ್ನಿ ಬನ್ನಿ" ಎಂದರೆ ಡಾಕ್ಟರಮ್ಮನಿಗೆ ಇನ್ನೇನು ಹಿಡಿಸೀತು?

ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಊಟದ ಮಟ್ಟಿಗೆ ಕ್ಯಾಂಟೀನಿಗೆ ಅಂಥ ಹೆಸರೇನೂ ಇರಲಿಲ್ಲ. ಆದರೆ ಅವರ ತುಂಬಿದ ಮೊಟ್ಟೆಗೆ ಇತ್ತು. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ "ಮೊಟ್ಟೆ ಮೇಸ್ತ್ರಿಗೆ ಹೇಳಿದೀರಾ?" ಎಂದು ಕೇಳುವಷ್ಟಿತ್ತು.

"ಅಪ್ಪಾ, ಸಂಜೆಗೆ ಮೊಟ್ಟೆ ಮಾಡ್ಕೊಡ್ತೀಯಾ?"

"ಕೇಳಬೇಕಾ? ನಿನ್ನೇನೇ ತಂದಿಟ್ಟಿದೀನಿ."

"ಹಲ್ಲು ಹಾಕ್ಕೊಂಡು ಮಾಡ್ಬೇಕು. ಅಷ್ಟೊತ್ತಿಗೆ ಸ್ವಲ್ಪ ರೂಢಿ ಆಗುತ್ತೆ."

"ಮೊಟ್ಟೆ ತುಂಬೋಕೆ ಕೈ ಬೇಕು ಮಗಳೇ. ಹಲ್ಲು ಯಾಕೆ?"

ಕುರ್ಚಿ ಒರೆಸುತ್ತಿದ್ದ ಸೋದರತ್ತೆ ಅಲ್ಲಿಂದಲೇ ಬಾಯಿ ಹಾಕಿದರು. "ಹಾಕ್ಕೋ ಅಣ್ಣಾ. ನೀನು ಮಾತಾಡಿದ್ರೆ ಎದುರಿಗಿರೋರು ಟವೆಲ್ ಹುಡುಕೋ ಹಾಗಾಗಿದೆ."

"ನಿನಗೇನಮ್ಮ, ಮೂವತ್ತೆರಡೂ ನೆಟ್ಟಗಿದೆ. ಅದಕ್ಕೇ ಕಂಡೋರನ್ನೆಲ್ಲ ಕಚ್ತೀಯ."

ಕೊನೆಗೆ ಮಗಳ ಮುಖ ನೋಡಿ ಅಪ್ಪ ಸೋತರು. ಡಬ್ಬಿ ತೆರೆದು, ಕಹಿ ಕಷಾಯ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ಮೇಲಿನದನ್ನೂ ಕೆಳಗಿನದನ್ನೂ ಒಳಗೆ ಸೇರಿಸಿಕೊಂಡರು. ಕೆನ್ನೆ ತುಂಬಿತು. ಹತ್ತು ವರ್ಷ ಚಿಕ್ಕವರಾದರು. ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಧೈರ್ಯ ಮಾಡಲಿಲ್ಲ.

ಬೆಂದ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ, ಸುಲಿದು, ಚಾಕುವಿಗೆ ಒಳಗಿನ ಹಳದಿ ಮೆತ್ತುತ್ತದೆಂದು ಹೊಲಿಗೆ ದಾರದಲ್ಲಿ ಎರಡು ಹೋಳು ಮಾಡುವುದು ಅವರ ಪದ್ಧತಿ. ಆಮೇಲೆ ಹಳದಿಯನ್ನು ಜರಡಿಯಲ್ಲಿ ಉಜ್ಜಿ, ಬೆಣ್ಣೆ, ಗಟ್ಟಿ ಮೊಸರು, ಸಿಪ್ಪೆ ಸಮೇತ ಸುಟ್ಟು ಹಿಚುಕಿದ ಬೆಳ್ಳುಳ್ಳಿ, ಕಾಳುಮೆಣಸು, ಹಸಿಮೆಣಸಿನಕಾಯಿ, ಕೊನೆಗೆ ತುರಿದ ನಿಂಬೆಯ ಸಿಪ್ಪೆ. ಅಳತೆ ಎಲ್ಲ ನಾಲಿಗೆಯ ಮೇಲೆ. ಆ ಅಡುಗೆಮನೆಯಲ್ಲಿ ರುಚಿ ನೋಡುವ ಹಕ್ಕು ಅವರೊಬ್ಬರದೇ. ತಂಗಿ ಬೆರಳು ಚಾಚಿದರೆ ಸೌಟಿನ ಏಟು ಖಚಿತ.

ಮಗಳು ಮುಂದಿನ ಕೋಣೆಯಲ್ಲಿ ಪಾಲಿಶ್ ಮೋಟಾರಿಗೆ ಬಟ್ಟೆ ಹೊದಿಸಿ, ಪ್ಲಾಸ್ಟರಿನ ಪುಡಿ ಗುಡಿಸಿ, ಅಚ್ಚುಗಳನ್ನು ಕಪಾಟಿನಲ್ಲಿ ಸಾಲಾಗಿ ಇಡುತ್ತಿದ್ದಳು. ಒಳಗಿಂದ ಚಮಚದ ಸದ್ದು, ಆಮೇಲೆ "ಏನೋ ಸಪ್ಪೆ" ಎಂಬ ಗೊಣಗು, ಆಮೇಲೆ ಮೆಣಸು ಕುಟ್ಟುವ ಸದ್ದು. ಮತ್ತೆ ಚಮಚ, ಮತ್ತೆ ಗೊಣಗು, ಮತ್ತೆ ಕುಟ್ಟಾಣಿ. ಹಲ್ಲು ಹಾಕಿಕೊಂಡೇ ಅಪ್ಪ ಇಷ್ಟು ಹೊತ್ತು ಕೆಲಸ ಮಾಡುತ್ತಿದ್ದಾರಲ್ಲ ಎಂಬ ಸಂತೋಷದಲ್ಲಿ ಆ ಕುಟ್ಟಾಣಿ ಏನು ಹೇಳುತ್ತಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ಕೋಣೆ ತುಂಬಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತುಟಿ ಬಿಗಿಹಿಡಿದು, ಎರಡು ತಟ್ಟೆ ಹೊತ್ತು ಬಂದರು. ಹಳದಿ ಗೋಪುರ ಕಟ್ಟಿದ ಅರೆಮೊಟ್ಟೆಗಳು ಬಿಳಿ ದೋಣಿಗಳ ಹಾಗೆ ಸಾಲಾಗಿ ನಿಂತಿದ್ದವು. ಮೊದಲು ಬಾಯಿಗಿಟ್ಟವರು ಸೋದರತ್ತೆ.

ಅತ್ತೆಯ ಮಾತು ನಿಂತುಹೋಯಿತು. ಹಾಗಾಗಿದ್ದನ್ನು ಮಗಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. ಅಷ್ಟರಲ್ಲಿ ಡಾಕ್ಟರಮ್ಮ ಒಂದು ಹೋಳು ನುಂಗಿಬಿಟ್ಟಿದ್ದರು. ಕೆಮ್ಮು ಒತ್ತರಿಸಿ ಬಂದು, ಕೈಯಲ್ಲಿ "ನೀರು, ನೀರು" ಎಂದು ತೋರಿಸಿದರು.

"ಅಣ್ಣಾ," ಎಂದರು ಅತ್ತೆ ಉಸಿರು ಸಿಕ್ಕಿದ ಮೇಲೆ, "ಇದೇನು ಮೊಟ್ಟೆನೋ ಮದ್ದಿನ ಗುಂಡೋ?"

ಅಪ್ಪ ತಟ್ಟೆ ಕೆಳಗಿಟ್ಟರು. ಒಂದು ಹೋಳು ಬಾಯಿಗೆ ಹಾಕಿಕೊಂಡು ಅಗಿದರು. ಅವರಿಗೆ ಎಲ್ಲ ಸರಿಯಾಗಿಯೇ ಇತ್ತು. ಅಂದರೆ ಜೀವಮಾನವೆಲ್ಲ ನಂಬಿದ ನಾಲಿಗೆಯೇ ಕೈಕೊಟ್ಟಿತು ಎಂದಾಯಿತು. ಇಲ್ಲವೇ, ನಾಲಿಗೆಯ ಪಕ್ಕದಲ್ಲಿ ಬಂದು ಕೂತ ಹೊಸಬರ ಕಿತಾಪತಿ. ಅವರ ಕೈ ಮೆಲ್ಲಗೆ ಬಾಯಿಯ ಕಡೆ ಏರಿತು. ಇಷ್ಟು ಜನರ ಎದುರು, ಡಾಕ್ಟರಮ್ಮನ ಎದುರು, ಈಗ ಆ ಸೆಟ್ಟು ಹೊರಗೆ ಬಂದರೆ ಮುಗಿಯಿತು ಎಂದು ಮಗಳಿಗೆ ಅನಿಸಿತು.

"ಮೇಸ್ತ್ರೀ!" ಕಪಾಟಿನ ಹತ್ತಿರದಿಂದ ಶಾಲೆಯ ಡ್ರಿಲ್ ಮಾಸ್ತರರ ಗಂಟಲು ಮೊಳಗಿತು. ಅವರು ಮಗಳ ಹಳೆಯ ಗಿರಾಕಿ. "ಏನ್ ಹದ ಕಣ್ರೀ ಇದು! ಹಲ್ಲು ಕಟ್ಟಿಸಿಕೊಂಡ ಮೇಲೆ ಬಾಯಿಗೆ ಒಂದು ರುಚಿ ಅಂತ ಹತ್ತಿದ್ದು ಇವತ್ತೇ. ಆ ತಟ್ಟೆ ಈ ಕಡೆ ಬರ್ಲಿ."

ತಟ್ಟೆ ಹೋಗುವುದೇನು, ಜನವೇ ತಟ್ಟೆಯ ಕಡೆ ಬಂದರು. ಕೋಣೆ ನೋಡನೋಡುತ್ತಿದ್ದಂತೆ ಎರಡು ಪಾಲಾಯಿತು. ಒಂದು ಕಡೆ ನೀರಿನ ಲೋಟ ಹಿಡಿದು ನಾಲಿಗೆ ಹೊರಚಾಚಿದವರು. ಇನ್ನೊಂದು ಕಡೆ ಚಪ್ಪರಿಸುತ್ತ ಎರಡನೆಯದಕ್ಕೆ ಕೈ ಹಾಕಿದವರು. ಮಗಳು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಚಪ್ಪರಿಸುತ್ತಿದ್ದವರೆಲ್ಲ ಅವಳ ಕೈಯಲ್ಲಿ ಹಲ್ಲು ಕಟ್ಟಿಸಿಕೊಂಡವರು.

ಆಗ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಪ್ರತಿ ಗಿರಾಕಿಗೂ ತಪ್ಪದೆ ಹೇಳುತ್ತಿದ್ದ ಮಾತನ್ನು ಮನೆಯಲ್ಲೇ ಹೇಳಿರಲಿಲ್ಲ.

ಸುಮ್ಮನಿದ್ದರೆ ಅಪ್ಪನ ಹೆಸರು ಹೋಗುತ್ತದೆ. ಹೇಳಿದರೆ ತಾನು ಕಟ್ಟಿದ ಹಲ್ಲಿನ ಕೊರತೆಯನ್ನು ತಾನೇ ಸಾರಿದಂತಾಗುತ್ತದೆ. ಅವಳು ಕೋಣೆಯ ನಡುವಿಗೆ ಬಂದಳು.

"ತಪ್ಪು ಅಪ್ಪಂದಲ್ಲ, ನಂದು. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚುತ್ತೆ. ಹೊಸದರಲ್ಲಿ ಊಟ ಸಪ್ಪೆ ಅನ್ಸುತ್ತೆ. ಕೆಲವು ವಾರದಲ್ಲಿ ಎಷ್ಟೋ ಸರಿ ಹೋಗುತ್ತೆ, ಆದ್ರೆ ಆ ಸಪ್ಪೆ ಪೂರ್ತಿ ಹೋಗದೆ ಉಳಿಯೋದೂ ಉಂಟು. ಅಪ್ಪ ಇವತ್ತು ಮಧ್ಯಾಹ್ನದಿಂದ ಅದನ್ನ ಹಾಕ್ಕೊಂಡೇ ರುಚಿ ನೋಡಿ ಮಾಡಿದಾರೆ. ಇದು ಕಟ್ಟಿಸಿದ ಹಲ್ಲಿನೋರ ಹದ."

ಕೋಣೆಯಲ್ಲಿ ನಗು ಎದ್ದಿತು. ನಗದೆ ಉಳಿದವರು ಬಟ್ಟೆ ಅಂಗಡಿಯ ಯಜಮಾನರು ಒಬ್ಬರೇ. ಅವರ ಹಲ್ಲಿನ ಸಾಲನ್ನು ಇಡೀ ಬೀದಿ ಹೊಗಳುತ್ತಿತ್ತು. ಬೇವಿನಕಡ್ಡಿಯ ಮಹಿಮೆ ಎಂದು ಅವರೂ ಹೇಳಿಕೊಳ್ಳುತ್ತಿದ್ದರು. ಅದನ್ನು ಕಟ್ಟಿದವಳು ಮಾತ್ರ ಎಲ್ಲೂ ಬಾಯಿಬಿಟ್ಟಿರಲಿಲ್ಲ. ಈಗ ಅವರ ಕೈ ಮೂರನೆಯ ಹೋಳಿನ ಮೇಲೆ ನಿಂತಿತ್ತು. ಮಗಳು ಬೇಕೆಂದೇ ಗೋಡೆ ನೋಡಿದಳು. ಆದರೆ ಉಳಿದವರ ಕಣ್ಣೆಲ್ಲ ಆ ಕೈಯ ಮೇಲೇ ಇತ್ತು.

"ಯಜಮಾನ್ರೇ," ಎಂದರು ಡ್ರಿಲ್ ಮಾಸ್ತರರು, "ನಿಮಗೆ ಖಾರ ಆಗ್ತಿಲ್ವಾ?"

ಯಜಮಾನರು ಮೊಟ್ಟೆಯನ್ನು ನೋಡಿದರು, ಜನರನ್ನು ನೋಡಿದರು. ಮಾನ ದೊಡ್ಡದೋ ರುಚಿ ದೊಡ್ಡದೋ ಎಂದು ತೂಗಿದರು. ಕೊನೆಗೆ ಹೋಳನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, "ಬೇವಿನಕಡ್ಡಿ ಹಲ್ಲುದುರಿದ ಮೇಲೆ ಶುರು ಮಾಡಿದ್ದು" ಎಂದರು.

ಡಾಕ್ಟರಮ್ಮ ಲೋಟ ಕೆಳಗಿಟ್ಟರು. "ಇವರದು ಕಟ್ಟಿಸಿದ್ದಾ? ಹೋದ ವಾರ ಎದುರು ಕೂತು ಒಂದು ಗಂಟೆ ಮಾತಾಡಿದ್ರು. ನನಗೇ ಗೊತ್ತಾಗ್ಲಿಲ್ಲ!" ಆಮೇಲೆ ಅಪ್ಪನ ಕಡೆ ತಿರುಗಿದರು. "ಮಧ್ಯಾಹ್ನದಿಂದ ಹಾಕ್ಕೊಂಡಿದೀರಾ? ಎಲ್ಲಾದ್ರೂ ಒತ್ತುತ್ತಾ? ಉರಿ?"

ಅಪ್ಪ ನಾಲಿಗೆಯನ್ನು ಬಾಯಲ್ಲಿ ಒಂದು ಸುತ್ತು ಹಾಕಿಸಿದರು. "ಒತ್ತೋದು... ಮೆಣಸು ಕುಟ್ಟೋ ಗಲಾಟೇಲಿ ಅದು ಇದೆ ಅನ್ನೋದೇ ಮರೆತುಹೋಗಿತ್ತು."

"ಸೋಮವಾರದಿಂದ ನಮ್ಮ ಅಚ್ಚುಗಳು ಇಲ್ಲಿಗೇ ಬರುತ್ತೆ," ಎಂದರು ಡಾಕ್ಟರಮ್ಮ ಮಗಳಿಗೆ. "ರುಚಿ ವಿಷಯ ಮುಚ್ಚಿಡದೆ ಹೇಳಿದ್ರಲ್ಲ, ನಮ್ಮ ಪೇಶೆಂಟುಗಳಿಗೂ ಹಾಗೇ ಹೇಳ್ಬೇಕು. ಈಗ ದಯವಿಟ್ಟು ನಮ್ಮಂಥೋರು ತಿನ್ನೋ ಮೊಟ್ಟೆ ಇದ್ರೆ ಕೊಡಿ."

ಅಪ್ಪ ಆಗಲೇ ಒಳಗೆ ನಡೆದಿದ್ದರು. ಒಲೆ ಹಚ್ಚಿ ಮೊಟ್ಟೆ ಬೇಯಿಸಿ, ಹಳದಿ ಉಜ್ಜಿ, ಎಲ್ಲ ಬೆರೆಸಿದ ಮೇಲೆ ಚಮಚ ಹಿಡಿದು ನಿಂತರು. ಸೆಟ್ಟು ತೆಗೆದಿಟ್ಟು ರುಚಿ ನೋಡಬಹುದಿತ್ತು. ಬಾಗಿಲು ಹಾಕಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲ ಬಳಿ ಬಂದ ಮಗಳು ನೋಡುತ್ತಲೇ ಇದ್ದಳು. ಅವರ ಕೈ ಬಾಯಿಯ ಕಡೆ ಹೋಗಲಿಲ್ಲ.

"ಲೇ," ಎಂದು ತಂಗಿಯನ್ನು ಕೂಗಿದರು. "ಬಾ ಇಲ್ಲಿ. ಹದ ನೋಡು."

"ಯಾರು, ನಾನಾ?" ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. "ಉಪ್ಪು ಒಂದು ಚಿಟಿಕೆ ಕಮ್ಮಿ."

ಅಪ್ಪನ ಹುಬ್ಬು ಮೇಲೇರಿತು. ಆದರೂ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿದರು. "ಈಗ?"

"ಚಮಚದಲ್ಲಿ ಗೊತ್ತಾಗಲ್ಲ ಅಣ್ಣಾ," ಎಂದು ಅತ್ತೆ ಖಾಲಿ ಹೋಳೊಂದನ್ನು ಅವರ ಮುಂದೆ ಹಿಡಿದರು. "ಇದಕ್ಕೆ ತುಂಬಿಸಿ ಕೊಡು. ಗೋಪುರ ಸ್ವಲ್ಪ ಎತ್ತರಕ್ಕೇ ಇರ್ಲಿ."