ಹಲಗೆಯ ಬೆನ್ನಿನ ಕಣ್ಣು

ಸಿದ್ದರಾಜು ಒಂದು ಮಾತು ಆಡಿದ ಮೇಲೆ ಮುಗಿಯಿತು. ಚಾಮುಂಡಿ ಬೆಟ್ಟವಾದರೂ ನಾಲ್ಕು ಮಾರು ಆಚೆ ಸರಿದೀತು, ಅವನ ಮಾತು ಸರಿಯುತ್ತಿರಲಿಲ್ಲ. ಹೆಂಡತಿ ಶಿವನಂಜಮ್ಮನಿಗೆ ಇದು ಮದುವೆಯಾದ ಎಂಟನೆಯ ದಿನವೇ ಗೊತ್ತಾಗಿತ್ತು. ಗೊತ್ತಾಗಿಯೂ ಹನ್ನೊಂದು ವರ್ಷ ಅವನ ಜೊತೆ ಹೆಮ್ಮೆಯಿಂದ ಬಾಳಿದ್ದಳು ಅಂದರೆ ಅದಕ್ಕೆ ಕಾರಣ ಅವನ ಕೈ. ಬೀಟೆಯ ಹಲಗೆಯಲ್ಲಿ ತೆಳ್ಳಗೆ ಗುಳಿ ತೋಡಿ, ಹಲಸು, ಹೊನ್ನೆ, ಕರಿಮರದ ಚೂರುಗಳನ್ನು ಅದರೊಳಗೆ ಕೂರಿಸಿ ಅವನು ಆನೆ ಮಾಡಿದರೆ, ನೋಡಿದವರು ಅದು ಕಿವಿ ಬೀಸೀತೆಂದು ಒಂದು ಗಳಿಗೆ ಕಾಯುತ್ತಿದ್ದರು. ಆ ಹಲಗೆಗೆ ಮರಳು ಕಾಗದ ತಿಕ್ಕಿ, ಅರಗಿನ ಪಾಲಿಶ್ ಕೊಟ್ಟು ಕನ್ನಡಿ ಮಾಡುತ್ತಿದ್ದವಳು ಶಿವನಂಜಮ್ಮ. ಈ ಸಂಗತಿ ಮಾತ್ರ ವಿದ್ಯಾರಣ್ಯಪುರದ ಅವರ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಿದ್ದರಾಜುವಿಗೆ ಕಸುಬು ಕಲಿಸಿದವರು ಮಂಡಿ ಮೊಹಲ್ಲದ ಮರಿಸ್ವಾಮಿ. ಅವರದೊಂದು ಕಟ್ಟಳೆಯಿತ್ತು. ಕಣ್ಣಾರೆ ಕಂಡದ್ದನ್ನು ಮಾತ್ರ ಮಾಡಬೇಕು. ಹಾಗೆ ಮಾಡಿದ ಹಲಗೆಯ ಬೆನ್ನಿಗೆ, ಕೆಳಗಿನ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಒಂದು ಕಣ್ಣು ಕೂರಿಸಬೇಕು. ಬಿಳಿ ಮರ, ನಡುವೆ ಕರಿಮರದ ಚುಕ್ಕೆ. ಕಾಣದೆ ಮಾಡಿದ್ದಕ್ಕೆ ಕಣ್ಣಿಲ್ಲ. ಕಸುಬು ಬಲ್ಲವರು ಹಲಗೆ ಕೈಗೆ ಬಂದ ಕೂಡಲೇ ಮೊದಲು ತಿರುಗಿಸಿ ಬೆನ್ನು ನೋಡುತ್ತಿದ್ದರು. ಮರಿಸ್ವಾಮಿ ತೀರಿಕೊಂಡು ಆರು ವರ್ಷವಾಗಿದ್ದರೂ ಸಿದ್ದರಾಜು ಕಣ್ಣಿಲ್ಲದ ಒಂದೇ ಒಂದು ಹಲಗೆಯನ್ನೂ ಮನೆಯಿಂದ ಆಚೆ ಕಳಿಸಿರಲಿಲ್ಲ. "ನಮ್ಮನೆಯವರ ಕೆಲಸ ಸುಳ್ಳಾಡೋದಿಲ್ಲ" ಎಂದು ಶಿವನಂಜಮ್ಮ ನಲ್ಲಿಯ ಹತ್ತಿರ ತಲೆಯೆತ್ತಿ ಹೇಳುತ್ತಿದ್ದುದು ಈ ಧೈರ್ಯದ ಮೇಲೆ.

ಅಂಥವನು ಐವತ್ತೆಂಟನೆಯ ಇಸವಿಯ ದಸರಾ ವಸ್ತುಪ್ರದರ್ಶನಕ್ಕೆ ಸಮುದ್ರ ಮಾಡಲು ಹೊರಟ. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಮಂಗಳೂರು, ಕಾರವಾರ ಎಲ್ಲ ಮೈಸೂರಿಗೆ ಸೇರಿ, ಹೋಟೆಲಿನಲ್ಲಿ ಕಾಫಿ ಕುಡಿಯುವವರೂ "ಈಗ ನಮಗೂ ಸಮುದ್ರ ಬಂತು ಕಣ್ರೀ" ಎನ್ನುತ್ತಿದ್ದ ಕಾಲ. ಸಿದ್ದರಾಜುವಿಗೂ ಆ ಗಾಳಿ ಬಡಿಯಿತು. ನಾಲ್ಕಡಿ ಹಲಗೆ. ಎಡಕ್ಕೆ ಬೆಟ್ಟ, ಆನೆ, ಕಾವೇರಿ. ಬಲಕ್ಕೆ ಕಡಲು, ಕಡಲಿನಲ್ಲಿ ಮೂರು ಡಾಲ್ಫಿನ್. ಕಡಲನ್ನು ಅವನು ಕಂಡಿರಲಿಲ್ಲ. ಡಾಲ್ಫಿನ್ನನ್ನು ಕಂಡದ್ದು ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮಹಾರಾಯ ಚಿತ್ರವನ್ನು ತಿದ್ದಿದ. ಮುಚ್ಚಳದ ಮೇಲೆ ಮೂರರ ಬಾಲವೂ ಮಣೆ ಹಾಸಿದ ಹಾಗೆ ಅಡ್ಡ ಮಲಗಿತ್ತು.

"ಇದನ್ನ ಬರೆದೋನು ಮೀನು ತಿಂದಿದ್ದಾನೆ, ನೋಡಿಲ್ಲ" ಎಂದ ಸಿದ್ದರಾಜು. "ನಾನು ತಲಕಾಡಿನ ಹೊಳೆ ದಂಡೇಲಿ ಬೆಳೆದೋನು. ಮೀನಿನ ಬಾಲ ನಿಂತಿರ್ತದೆ."

"ಮೂರಕ್ಕೂ ಮಲಗಿದ್ಯಲ್ರೀ. ಮೂರು ಸಲವೂ ತಪ್ತಾನಾ ಅವನು?" ಎಂದಳು ಶಿವನಂಜಮ್ಮ.

"ನೀನು ಪಾಲಿಶ್ ನೋಡ್ಕೊ. ಬಾಲ ನನಗೆ ಬುಡು."

ಬಿಟ್ಟಳು. ಮೂರು ಬಾಲವೂ ಕಾವೇರಿಯ ಮೀನಿನ ಬಾಲದಂತೆ ನೆಟ್ಟಗೆ ನಿಂತವು.

ಎದುರುಮನೆಯ ಅನಂತಪದ್ಮನಾಭ ಮೇಷ್ಟ್ರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಒಂದು ಸಂಜೆ ಬಂದು, ಹಲಗೆ ನೋಡಿ, ಆನೆಯನ್ನು ಹೊಗಳಿ, ಬೆಟ್ಟವನ್ನು ಹೊಗಳಿ, ಕಡಲಿನ ಹತ್ತಿರ ಬಂದು ಕನ್ನಡಕ ಒರೆಸಿಕೊಂಡರು.

"ಸಿದ್ದರಾಜು, ಡಾಲ್ಫಿನ್ ಮೀನಲ್ಲಪ್ಪ. ಮರಿಗೆ ಹಾಲು ಕುಡಿಸುತ್ತೆ, ನಮ್ಮ ಹಾಗೆ ಉಸಿರಾಡುತ್ತೆ. ಅದರ ಬಾಲ ಅಡ್ಡ."

"ನೀವು ನೋಡಿದ್ದೀರಾ ಮೇಷ್ಟ್ರೇ?"

"ಪುಸ್ತಕದಲ್ಲಿ ನೋಡಿದ್ದೀನಿ. ನೀವು?"

ಮೇಷ್ಟ್ರು ಮೆಲ್ಲಗೆ ಹಲಗೆಯನ್ನು ತಿರುಗಿಸಿದರು. ಬೆನ್ನು ಬರಿದಾಗಿತ್ತು. "ಕಣ್ಣು ಇನ್ನೂ ಇಟ್ಟಿಲ್ಲ, ಸದ್ಯ" ಎಂದರು. "ನನ್ನ ಮಾತು ನಂಬಬೇಡಿ. ಮಂಗಳೂರಲ್ಲಿ ನನ್ನ ತಂಗಿ ಮನೆ ಇದೆ, ಕಾಗದ ಬರೀತೀನಿ. ಹೋಗಿ ನೋಡಿಕೊಂಡು ಬನ್ನಿ."

ಮಾರನೆಯ ದಿನ ನಲ್ಲಿಯ ಹತ್ತಿರ ಒಬ್ಬಳು, "ಏನು ಶಿವನಂಜಮ್ಮ, ಬಾಲ ಎದ್ದಿದ್ಯಾ ಮಲಗಿದ್ಯಾ?" ಎಂದು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶಿವನಂಜಮ್ಮ ಕೊಡ ಎತ್ತಿಕೊಂಡು ಬಂದುಬಿಟ್ಟಳು. ಅವಳ ಭಯ ಬೇರೆ. ಗಂಡ ಹಟಕ್ಕೆ ಬಿದ್ದು, ಕಾಣದ ಬಾಲಕ್ಕೆ ಕಣ್ಣಿಟ್ಟುಬಿಟ್ಟರೆ? ಹನ್ನೊಂದು ವರ್ಷ ತಲೆಯೆತ್ತಿ ಆಡಿದ ಮಾತನ್ನು ಆಮೇಲೆ ಯಾವ ಮುಖ ಇಟ್ಟುಕೊಂಡು ಆಡುವುದು?

ಗೌರಿ ಹಬ್ಬ ಮುಗಿದ ವಾರದಲ್ಲಿ ನಾಲ್ಕು ಜನ ಬಸ್ಸು ಹತ್ತಿದರು. "ಸಾಯೋದ್ರೊಳಗೆ ಸಮುದ್ರ ತೋರಿಸ್ಬುಡ್ಲಾ ಸಿದ್ದ" ಎಂದು ತಾಯಿ ದೇವಿರಮ್ಮ ಮೊದಲೇ ಸೀರೆ ಮಡಚಿಟ್ಟುಕೊಂಡಿದ್ದಳು. ಒಂಬತ್ತು ವರ್ಷದ ಮಗಳು ಚಾಮುಂಡೇಶ್ವರಿ ಮಡಿಕೇರಿಯ ತಿರುವುಗಳಲ್ಲಿ ತಿಂದದ್ದನ್ನೆಲ್ಲ ಕಕ್ಕಿದಳು. ಸಿದ್ದರಾಜು ಕಿಟಕಿಯ ಕಡೆ ಮುಖ ಮಾಡಿ, "ಬಾಲ ನಿಂತೇ ಇರ್ತದೆ, ನೋಡ್ತಿರು" ಎಂದು ಮೂರು ಸಲ ಹೇಳಿದ.

ಮಂಗಳೂರಿನಲ್ಲಿ ಮೇಷ್ಟ್ರ ತಂಗಿಯ ಮನೆಯವರು ಒಂದು ದೋಣಿ ಗೊತ್ತು ಮಾಡಿದ್ದರು. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಬೆಳಿಗ್ಗೆ ಏಳಕ್ಕೆ ಹತ್ತಿದರು. ದೇವಿರಮ್ಮ ಮಡಿಲಿನಿಂದ ಅರಿಶಿನ, ಕುಂಕುಮ, ಎರಡು ಬಳೆ ತೆಗೆದು ನೀರಿಗೆ ಬಿಟ್ಟಳು.

"ನಮ್ಮ ಕಾವೇರಿ ಇಲ್ಲಿಗೇ ಬತ್ತಾಳೇನಪ್ಪ?" ಎಂದು ದೋಣಿಯವನನ್ನು ಕೇಳಿದಳು.

"ಇಲ್ಲ ಅಜ್ಜಿ, ಅದು ಆಚೆ ಬದಿಯ ಸಮುದ್ರಕ್ಕೆ ಹೋಗುವುದು."

ದೇವಿರಮ್ಮ ನಿಟ್ಟುಸಿರು ಬಿಟ್ಟಳು. "ಹುಟ್ಟಿದ್ದು ಈ ಕಡೆ, ಕೊಟ್ಟಿದ್ದು ಆ ಕಡೆ. ಎಲ್ಲ ಹೆಣ್ಣುಮಕ್ಕಳ ಹಣೇಬರಾನೂ ಅಂಗೇ" ಎಂದು ಬಳೆ ಹೋದ ದಿಕ್ಕನ್ನು ನೋಡಿದಳು.

ಮೊದಲು ಕೇಳಿಸಿದ್ದು ಉಸಿರು. ದಣಿದ ಎತ್ತು ಮೂಗಿನಲ್ಲಿ ಬುಸ್ಸೆಂದ ಹಾಗೆ, ನೀರಿನ ಮೇಲೆ. ಆಮೇಲೆ ಒಂದು ಬೂದು ಬೆನ್ನು ಎದ್ದು, ಬಾಗಿ, ಮುಳುಗಿತು. ಅದರ ಹಿಂದೆ ಇನ್ನೊಂದು. ಸಿದ್ದರಾಜು ಎದ್ದು ನಿಂತ.

"ಕೂತ್ಕೊಳ್ಳಿ ಮಾರಾಯ್ರೆ, ದೋಣಿ ಮಗುಚ್ಲಿಕ್ಕೆ ಉಂಟಾ?" ಎಂದ ದೋಣಿಯವನು. "ಬಲಕ್ಕೆ ನೋಡಿ, ಬಲಕ್ಕೆ. ಎರಡು ಉಂಟು."

ಸಿದ್ದರಾಜು ಬಲಕ್ಕೆ ತಿರುಗಿದ. ದೇವಿರಮ್ಮನೂ ಬಲಕ್ಕೆ ತಿರುಗಿದಳು. ಚಾಮುಂಡೇಶ್ವರಿ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಮಲಗಿದ್ದರಿಂದ ಶಿವನಂಜಮ್ಮ ತಿರುಗಲಾರದೆ ಎಡಕ್ಕೇ ನೋಡುತ್ತಿದ್ದಳು. ಮೂರನೆಯದು ಅಲ್ಲಿ ಎದ್ದಿತು, ಎರಡು ಮಾರು ದೂರದಲ್ಲಿ. ಬೆನ್ನು ಬಾಗಿಸಿ ತಲೆ ಕೆಳಗೆ ಹಾಕಿತು, ಬಾಲ ಪೂರ್ತಿ ನೀರಿನಿಂದ ಮೇಲೆ ಬಂತು, ಒಂದು ಗಳಿಗೆ ಹಾಗೇ ತಡೆದು ನೀರನ್ನು ಬಡಿದು ಹೋಯಿತು. ಅವಳ ಮುಖದ ಮೇಲೆ ಉಪ್ಪು ನೀರು ಹಾರಿತು. ಇಷ್ಟು ದೊಡ್ಡದು ಇಷ್ಟು ಹತ್ತಿರ ಬಂದು ತನಗೊಬ್ಬಳಿಗೇ ತೋರಿಸಿ ಹೋಯಿತಲ್ಲ ಎಂದು ಅವಳಿಗೆ ಅಳು ಬಂದ ಹಾಗಾಯಿತು.

"ಏನದು ಸದ್ದು?" ಸಿದ್ದರಾಜು ತಿರುಗಿದಾಗ ಅಲ್ಲಿ ನೊರೆ ಮಾತ್ರ ಇತ್ತು.

"ಬಾಲ ಎತ್ತಿತ್ತು ಕಣ್ರೀ" ಎಂದಳು ಶಿವನಂಜಮ್ಮ. ಇನ್ನೊಂದು ಮಾತು ಹೇಳಲೋ ಬೇಡವೋ ಎಂದು ಮುಖದ ಉಪ್ಪು ನೀರು ಒರೆಸಿಕೊಂಡಳು. ಹೇಳಿದಳು. "ಅಡ್ಡ ಇದೆ. ಮಲಗಿದೆ."

ಸಿದ್ದರಾಜು ದೋಣಿಯವನ ಮುಖ ನೋಡಿದ.

"ಈ ನಿಮ್ಮ ಡಾಲ್ಫಿನ್, ನಮ್ಮ ಹಂದಿಮೀನು, ಅದರ ಬಾಲ ಅಡ್ಡವೇ ಅಲ್ವಾ?" ಎಂದ ಅವನು. "ಇದನ್ನು ಕೇಳ್ಲಿಕ್ಕೆ ಮೈಸೂರಿಂದ ಬರ್ಬೇಕಿತ್ತಾ?"

ದೇವಿರಮ್ಮ ನಕ್ಕುಬಿಟ್ಟಳು. ಸಿದ್ದರಾಜು ನಗಲಿಲ್ಲ. ಇನ್ನೊಂದು ಗಂಟೆ ಕಾಯೋಣ ಎಂದ. ಕಾದರು. ದೂರದಲ್ಲಿ ನಾಲ್ಕೈದು ಬೆನ್ನು ಕಂಡವು, ಬಾಲ ಮಾತ್ರ ಕಾಣಲಿಲ್ಲ. ಬಿಸಿಲೇರಿ, ಅಲೆ ಎದ್ದು, ಮಗಳು ಮತ್ತೆ ಕಕ್ಕಿ, ದೋಣಿಯವನು ಕೇಳದೆಯೇ ದಡಕ್ಕೆ ತಿರುಗಿಸಿದ. ಮರುದಿನ ಗಾಳಿ ಬಿರುಸಾಗಿ ಯಾರೂ ದೋಣಿ ಇಳಿಸಲಿಲ್ಲ.

ವಾಪಸು ಬರುವಾಗ ಬಸ್ಸು ಮಡಿಕೇರಿಯಲ್ಲಿ ನಿಂತಿತು. ಅಲ್ಲಿ ಸಿದ್ದರಾಜು ಕಾಫಿ ಲೋಟ ಕೈಯಲ್ಲಿ ಹಿಡಿದು, "ನಾನು ತಪ್ಪಿದ್ದೆ" ಎಂದ. ಹನ್ನೊಂದು ವರ್ಷದಲ್ಲಿ ಶಿವನಂಜಮ್ಮ ಆ ಮಾತನ್ನು ಕೇಳಿದ್ದು ಅದೇ ಮೊದಲು. ಹೆಮ್ಮೆಯಾಯಿತು. ಅದು ಪೂರ್ತಿ ಇಳಿಯುವ ಮೊದಲೇ ಅವನು, "ಆದ್ರೆ ಹಲಗೆ ಹೋಗಲ್ಲ. ಬಾಲ ನಾನು ಕಾಣ್ಲಿಲ್ಲ. ಕಾಣದ್ದು ಮಾಡಕ್ಕಾಗಲ್ಲ, ಕಣ್ಣಿಲ್ಲದ್ದು ಕಳಿಸಕ್ಕಾಗಲ್ಲ. ಈ ದಸರಾ ಬೇಡ" ಎಂದ.

"ನಾನು ಕಂಡಿದ್ದೀನಲ್ರೀ."

"ನೀನು ಕಂಡ್ರೆ?" ಎಂದ. ಕೋಪದಿಂದಲ್ಲ, ನಿಜವಾಗಿ ಅರ್ಥವಾಗದೆ. ಅದೇ ಅವಳಿಗೆ ಹೆಚ್ಚು ನೋವಾದದ್ದು.

ಮನೆಗೆ ಬಂದ ರಾತ್ರಿ ಅವಳಿಗೆ ಸಿಟ್ಟಿನಲ್ಲೇ ನಿದ್ದೆ ಹತ್ತಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಸಾರಿಸಿ, ರಂಗೋಲಿ ಬಟ್ಟಲು ಹಿಡಿದು ಕೂತಾಗ ಕೈ ಯಾವತ್ತಿನ ಚುಕ್ಕಿಗಳನ್ನು ಇಡಲಿಲ್ಲ. ಪೆನ್ಸಿಲು ಹಿಡಿದು ಅವಳಿಗೆ ಅಭ್ಯಾಸವಿರಲಿಲ್ಲ. ರಂಗೋಲಿ ಎಳೆ ಬಿಡುವುದರಲ್ಲಿ ಮಾತ್ರ ಆ ಬೀದಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಗಿದ ಬೆನ್ನು, ಸಣ್ಣಗಾಗುತ್ತ ಹೋದ ಸೊಂಟ, ಅದರ ತುದಿಗೆ ಅಗಲಕ್ಕೆ ಹರಡಿದ ಬಾಲ. ಬಾಗಿಲಿನ ಅಗಲಕ್ಕೂ ಎಳೆದಳು. ಎದ್ದು ನೋಡಿದರೆ ಎದುರಿಗೆ ಅನಂತಪದ್ಮನಾಭ ಮೇಷ್ಟ್ರು ಹಾಲಿನ ಚೆಂಬು ಹಿಡಿದು ನಿಂತಿದ್ದರು.

"ಸಿದ್ದರಾಜು, ಒಂದು ಸಲ ಹೊರಗೆ ಬನ್ನಿ" ಎಂದು ಕೂಗಿ ಅವರು ಹೊರಟುಹೋದರು. ಬುದ್ಧಿವಂತರು.

ಸಿದ್ದರಾಜು ಬಂದ. ಬಹಳ ಹೊತ್ತು ನೋಡಿ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಶುರುವಾಯಿತು ಪಾಟೀಸವಾಲು.

"ಇಲ್ಲಿ ಯಾಕೆ ಕೆಳಕ್ಕೆ ಬಗ್ಗಿಸಿದ್ದೀಯ?"

"ನೀರಿನ ಭಾರಕ್ಕೆ ಬಗ್ಗಿತ್ತು."

"ನಡುವೆ ಸೀಳಿತ್ತಾ?"

"ಇತ್ತು. ಅರಳಿ ಎಲೆ ತೊಟ್ಟಿನ ಹತ್ರ ಒಳಕ್ಕೆ ಹೋಗಿರುತ್ತಲ್ಲ, ಅಷ್ಟೇ."

"ಅಂಚು ದಪ್ಪವೋ ತೆಳುವೋ?"

"ಮುಂದೆ ದಪ್ಪ, ಹಿಂದೆ ತೆಳು."

"ಕೆಳಭಾಗದ ಬಣ್ಣ?"

"ಅದು ಕಾಣ್ಲಿಲ್ಲ ಕಣ್ರೀ. ನೀರು ಸುರೀತಿತ್ತು."

ಸಿದ್ದರಾಜು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಸುಳ್ಳು ಸಾಕ್ಷಿಗೆ ಎಲ್ಲವೂ ಗೊತ್ತಿರುತ್ತದೆ; ಕಂಡವರು ಮಾತ್ರ ಕಾಣಲಿಲ್ಲ ಎನ್ನುತ್ತಾರೆ. ಇಪ್ಪತ್ತು ವರ್ಷ ಕಣ್ಣನ್ನೇ ನಂಬಿ ದುಡಿದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಒಳಗೆ ಹೋಗಿ ಕಾಗದ ತಂದು, ರಂಗೋಲಿಯ ಪಕ್ಕ ಮಂಡಿಯೂರಿ, ಎಳೆ ಎಳೆಯನ್ನೂ ನಕಲು ಮಾಡಿಕೊಂಡ. ಬೀದಿಯವರೆಲ್ಲ ನೋಡುತ್ತಿದ್ದರು. ನೋಡಲಿ ಎಂದು ಶಿವನಂಜಮ್ಮ ಬಟ್ಟಲು ಹಿಡಿದು ಅಲ್ಲೇ ನಿಂತಳು.

ಮೂರು ಬಾಲವನ್ನೂ ಕಿತ್ತ. ನೆಟ್ಟಗೆ ನಿಂತಿದ್ದ ಹಳೆಯ ಬಾಲಗಳ ಗುಳಿಗಳು ಹಲಗೆಯಲ್ಲಿ ಹಾಗೇ ಬಾಯಿ ಬಿಟ್ಟವು. ಇದಕ್ಕೇನು ಮಾಡುವುದೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಶಿವನಂಜಮ್ಮ, "ಬಾಲ ಬಡಿದಾಗ ನೀರು ಹಿಂಗೇ ಮೇಲಕ್ಕೆ ಎದ್ದಿತ್ತು, ನನ್ನ ಮುಖಕ್ಕೇ ಹಾರಿತ್ತು" ಎಂದಳು. ಗುಳಿಗಳಿಗೆ ಬಿಳಿ ಮರದ ಚೂರು ಕೂತು ನೀರು ಹಾರಿತು. ಹದಿನೆಂಟು ದಿನ ಹಗಲೆಲ್ಲ ಕೆಲಸ. ಕೊನೆಯ ನಾಲ್ಕು ದಿನ ಅವಳ ಪಾಲಿಶ್. ಹಲಗೆಯ ಬೆನ್ನಿಗೆ ಪಾಲಿಶ್ ಕೊಡುವ ಪದ್ಧತಿಯಿರಲಿಲ್ಲ, ಹಾಗಾಗಿ ಅವಳು ಆ ಕಡೆ ತಿರುಗಿಸಲಿಲ್ಲ. ಕಣ್ಣಿಟ್ಟಿರೇನು ಎಂದು ಕೇಳಲು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ.

ವಸ್ತುಪ್ರದರ್ಶನದ ಮೊದಲ ದಿನ ಮಧ್ಯಾಹ್ನ ಮನೆಮಂದಿಯೆಲ್ಲ ಹೋದರು. ಹಲಗೆಯ ಮುಂದೆ ಜನ ಕಟ್ಟಿದ್ದರು. ಕರಾವಳಿಯ ಕಡೆಯವರಂತೆ ಕಂಡ ಯಾರೋ ಒಬ್ಬರು, "ಇವನು ನೋಡಿಯೇ ಮಾಡಿದ್ದು, ನೋಡದೆ ಇಷ್ಟು ಸರಿ ಆಗುವುದಿಲ್ಲ" ಎನ್ನುತ್ತಿದ್ದರು. ಶಿವನಂಜಮ್ಮನಿಗೆ ಎದೆ ತುಂಬಿತು. ಎಂದಿನಂತೆ ಅತ್ತೆಯ ಬೆನ್ನ ಹಿಂದೆ ನಿಂತಿದ್ದಳು.

ಅನಂತಪದ್ಮನಾಭ ಮೇಷ್ಟ್ರು ಜನರನ್ನು ಸರಿಸಿಕೊಂಡು ಬಂದರು. "ಅಂತೂ ಕಂಡಿರಿ" ಎಂದು ಸಿದ್ದರಾಜುವಿನ ಭುಜ ತಟ್ಟಿದರು.

"ನಾನು ಕಾಣ್ಲಿಲ್ಲ ಮೇಷ್ಟ್ರೇ" ಎಂದ ಸಿದ್ದರಾಜು, ಅಷ್ಟೂ ಜನಕ್ಕೆ ಕೇಳುವ ಹಾಗೆ. ಮೇಲ್ವಿಚಾರಕನ ಅಪ್ಪಣೆ ಕೇಳಿ, ಹಲಗೆಯನ್ನು ಮೊಳೆಯಿಂದ ಎತ್ತಿ, ತಿರುಗಿಸಿ ಹಿಡಿದ.

ಕೆಳಗಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕಣ್ಣಿತ್ತು. ಅದರ ಪಕ್ಕದಲ್ಲಿ, ಅದೇ ಅಳತೆಯ ಇನ್ನೊಂದು.

ದೇವಿರಮ್ಮ ಬಗ್ಗಿ ನೋಡಿದಳು. "ಯಾವಾಗ್ಲೂ ಒಂದೇ ಅಲ್ವೇನ್ಲಾ ಸಿದ್ದ? ಈ ಎರಡ್ನೇದು ಯಾರ್ದು?"

ಸಿದ್ದರಾಜು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಿವನಂಜಮ್ಮ ಅತ್ತೆಯ ಹಿಂದಿನಿಂದ ಮುಂದಕ್ಕೆ ಬಂದಿದ್ದಳು.

"ನಂದು ಕಣತ್ತೆ" ಎಂದಳು.